ಒಂಬತ್ತನೇ ಹಾಸಿಗೆಯ ಭಾಷೆ

ಬೆಳಗಿನ ಐದೂವರೆ ಗಂಟೆ. ದೋಹಾದ ಆಸ್ಪತ್ರೆಯೊಂದರಲ್ಲಿ, ತಿಂಗಳುಗಟ್ಟಲೆ ಮಲಗಿದವರ ವಾರ್ಡಿಗೆ ಉಮಾವತಿ ತಳ್ಳುಗಾಡಿ ನೂಕಿಕೊಂಡು ಬರುತ್ತಾರೆ. ಗಾಡಿಯ ಮೇಲೆ ಬಿಸಿನೀರಿನ ಬೇಸಿನ್ನು, ಟವೆಲುಗಳು, ಮಡಿಚಿಟ್ಟ ಬೆಡ್‌ಶೀಟುಗಳು. ಕಿಟಕಿಯಾಚೆ ಆಕಾಶ ಬೆಳ್ಳಗಾಗುತ್ತಿದೆ, ವೆಸ್ಟ್ ಬೇಯ ಕಟ್ಟಡಗಳ ದೀಪ ಇನ್ನೂ ಆರಿಲ್ಲ. ಮೊದಲ ಹಾಸಿಗೆಯ ತ್ರಿಶೂರಿನ ಮುದುಕರನ್ನು ಮಲಯಾಳದಲ್ಲಿ ನಿದ್ದೆ ಬಂತೇ ಎಂದು ಕೇಳುತ್ತಾರೆ. ಎರಡನೆಯದರ ಬಿಹಾರದವನಿಗೆ ಹಿಂದಿಯಲ್ಲಿ ಸಣ್ಣ ಗದರಿಕೆ, ದಿಂಬನ್ನು ಮತ್ತೆ ನೆಲಕ್ಕೆ ಕೆಡವಿದ್ದಾನೆ. ಮೂರನೆಯದರ ಸುಡಾನಿನವರಿಗೆ ಅರಬಿಯಲ್ಲಿ ಒಂದು ನಮಸ್ಕಾರ, ಆಮೇಲೆ 'ಯಲ್ಲಾ', ಅಂದರೆ ನಡೆಯಿರಿ, ಎನ್ನುತ್ತ ಮಗ್ಗುಲು ಬದಲಿಸುವುದು.

ಈ ಮಗ್ಗುಲು ಬದಲಿಸುವುದೇ ಅವರ ಕೆಲಸದ ತಿರುಳು. ಹದಿನಾಲ್ಕು ಹಾಸಿಗೆಗಳಿವೆ. ಎರಡು ಗಂಟೆಗೊಮ್ಮೆ ಒಬ್ಬೊಬ್ಬರನ್ನೂ ಇನ್ನೊಬ್ಬ ಸಹಾಯಕಿಯ ಜೊತೆ ಸೇರಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿಸಬೇಕು. ಎಂಟು ಗಂಟೆಯ ಪಾಳಿಯಲ್ಲಿ ಐವತ್ತಾರು ಸಲ ಆಗುತ್ತದೆ. ಐವತ್ನಾಲ್ಕರ ವಯಸ್ಸಿನಲ್ಲಿ ಸೊಂಟ ತನ್ನ ಲೆಕ್ಕ ತಾನು ಹೇಳುತ್ತದೆ, ಆದರೆ ಉಮಾವತಿ ಅದನ್ನು ಕಿವಿಗೆ ಹಾಕಿಕೊಳ್ಳುವವರಲ್ಲ.

"ಬೆನ್ನಲ್ಲಿ ಹುಣ್ಣಾದ್ರೆ ಅದು ಮಲಗಿದವ್ರ ತಪ್ಪಲ್ಲ ಮಾರಾಯ್ರೆ, ನಮ್ಮ ತಪ್ಪು," ಎನ್ನುತ್ತಾರೆ. "ಎಂಟು ವರ್ಷ ಆಯ್ತು, ನನ್ನ ಪಾಳಿಯಲ್ಲಿ ಒಬ್ರಿಗೂ ಆಗ್ಲಿಲ್ಲ."

ಆಸ್ಪತ್ರೆಯ ದಾಖಲೆಯಲ್ಲಿ ಅವರು ರೋಗಿ ಸಹಾಯಕಿ, ಅದೂ ಗುತ್ತಿಗೆ ಕಂಪನಿಯ ಮೂಲಕ ಬಂದವರು. ಕೊರಳಿನ ಗುರುತಿನ ಚೀಟಿಯಲ್ಲಿ ಅಷ್ಟೇ ಇದೆ. ಈ ಕಾರ್ಕಳ ಕಡೆಯ ಬೆಳ್ಮಣ್ಣಿನ ಹೆಂಗಸಿಗೆ ನೇವಾರಿ ಎಂಬ ಭಾಷೆ ಬರುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ಇಡೀ ವಾರ್ಡಿನಲ್ಲಿ ಆ ಭಾಷೆ ಬರುತ್ತಿದ್ದದ್ದು ಇವರೊಬ್ಬರಿಗೇ, ಅದೂ ಅರೆಬರೆ. ಒಬ್ಬ ಮನುಷ್ಯನ ಬಾಳು ಆ ಅರೆಬರೆ ಮಾತಿನ ಮೇಲೆ ನಿಂತಿತ್ತು.

ನೇಪಾಳದವರೆಂದರೆ ನಮಗೆ ಎಲ್ಲರೂ ಒಂದೇ. ಊರಿನಲ್ಲಿ ಗೂರ್ಖ ಎಂದು ಕರೆದರೆ ಮುಗಿಯಿತು. ನಮ್ಮನ್ನು ಯಾರಾದರೂ ಮದ್ರಾಸಿ ಎಂದರೆ ಮಾತ್ರ ಮೂಗಿನ ತುದಿಗೆ ಸಿಟ್ಟು ಬರುತ್ತದೆ! ನೇವಾರರು ಕಠ್ಮಂಡು ಕಣಿವೆಯ ಹಳೆಯ ಮೂಲನಿವಾಸಿಗಳು. ಅವರ ಮಾತಿಗೂ ನೇಪಾಳಿಗೂ ನೆಂಟಸ್ತಿಕೆಯೇ ಇಲ್ಲ. ನೇಪಾಳಿ ಹಿಂದಿಯ ಕಡೆಯದು, ಇದು ಟಿಬೆಟ್, ಬರ್ಮಾ ಕಡೆಯ ಭಾಷೆಗಳ ಬಳಗದ್ದು. ಹಳೆಯ ಲಿಪಿ ಇದೆ, ನೂರಾರು ವರ್ಷಗಳ ಬರಹ ಇದೆ, ಅವರದೇ ಸಂವತ್ಸರವೂ ಇದೆ. ಇಷ್ಟೆಲ್ಲ ಇದ್ದೂ ಪೇಟೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜಿಗೆ ಉತ್ತರ ಕೊಡುವುದು ನೇಪಾಳಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ.

ಉಮಾವತಿಗೆ ಈ ಭಾಷೆ ಸಿಕ್ಕಿದ್ದು ಅಂಥದೇ ಒಬ್ಬ ಅಜ್ಜಿಯಿಂದ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಬಳಿ ಬಿಟ್ಟು ಅವರು ದೋಹಾಕ್ಕೆ ಬಂದದ್ದು ಮನೆಗೆಲಸದ ವೀಸಾದಲ್ಲಿ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಫ್ಲಾಟೊಂದರಲ್ಲಿ ಪಾಟನ್ ನಗರದ ನೇವಾರ ದಂಪತಿ ಇದ್ದರು. ಇಬ್ಬರೂ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಮನೆಯಲ್ಲಿ ಉಳಿಯುತ್ತಿದ್ದವರು ಮನೆಯ ಯಜಮಾನನ ತಾಯಿ ಮತ್ತು ಉಮಾವತಿ. ನೇವಾರಿಯಲ್ಲಿ ಅಜ್ಜಿಗೆ ಅಜಿ ಎನ್ನುತ್ತಾರೆ, ಹಾಗಾಗಿ ಇವರೂ ಅಜಿ ಎಂದೇ ಕರೆದರು.

"ಅಜಿಗೆ ನೇಪಾಳಿ ಬರ್ತಿತ್ತು. ಮನೆ ಒಳಗೆ ಅದನ್ನು ಮಾತಾಡ್ಲಿಕ್ಕೆ ಮನಸ್ಸಿರ್ಲಿಲ್ಲ ಅಷ್ಟೇ," ಎಂದು ಉಮಾವತಿ ನಗುತ್ತಾರೆ. "ನಂಗೆ ಎಂತದೂ ಗೊತ್ತಾಗ್ಲಿಕ್ಕಿಲ್ಲ ಅಂತ ಬಿಡ್ಲಿಲ್ಲ ಅವ್ರು. ಅನ್ನದ ಪಾತ್ರೆ ತೋರಿಸಿ 'ಜಾ' ಅನ್ನುವುದು. ನಾನು 'ಜಾ' ಅಂತ ಹೇಳದೆ ಬಡಿಸ್ಲಿಕ್ಕೆ ಬಿಡುವುದಿಲ್ಲ! ಬೆಳಿಗ್ಗೆ ನನ್ನ ಮುಖ ಕಂಡ ಕೂಡ್ಲೇ 'ಜಾ ನಯೆ ಧುನ ಲಾ?' ಅಂತ ಕೇಳುವುದು. ಊಟ ಆಯ್ತಾ ಅಂತ. ಆರು ವರ್ಷದಲ್ಲಿ ನಾವಿಬ್ರು ಜಗಳ ಮಾಡುವಷ್ಟು ಮಾತು ಕಲಿತೆ ನಾನು."

ಕಲಿತದ್ದು ಅಡುಗೆಮನೆಯ ಭಾಷೆ. ಅನ್ನ, ನೀರು, ಉಪ್ಪು, ಬಿಸಿ, ತಣ್ಣಗೆ, ಕಾಲು ನೋವು, ಮಲಗು, ಏಳು. ಯಾವ ಪದಾರ್ಥ ಮುಗಿದರೂ 'ಮದುತ', ಅಂದರೆ ಇನ್ನಿಲ್ಲ. ಅಜಿ ಊರಿಗೆ ಮರಳಿ, ದಂಪತಿಯೂ ಬೇರೆ ದೇಶಕ್ಕೆ ಹೋದ ಮೇಲೆ ಉಮಾವತಿ ಆಸ್ಪತ್ರೆಯ ಕೆಲಸಕ್ಕೆ ಸೇರಿದರು. ಈ ಭಾಷೆಯನ್ನು ಇನ್ನು ಯಾರ ಹತ್ತಿರ ಆಡುವುದು ಎಂದು ಅದನ್ನು ಮರೆತೂ ಬಿಟ್ಟಿದ್ದರು.

ಇಂದ್ರನಾರಾಯಣ ಜೋಶಿ ಒಂಬತ್ತನೇ ಹಾಸಿಗೆಗೆ ಬಂದದ್ದು ಕಳೆದ ವರ್ಷದ ಜೂನಿನಲ್ಲಿ. ವಯಸ್ಸು ನಲವತ್ತೆಂಟು, ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಕೆಲಸ. ಏಪ್ರಿಲಿನಲ್ಲಿ ಮೆದುಳಿನ ರಕ್ತನಾಳ ಒಡೆದು ಬಿದ್ದಿದ್ದರು. ಬಲಗೈ, ಬಲಗಾಲು ಸತ್ವ ಕಳೆದುಕೊಂಡಿದ್ದವು. ಬಾಯಿಂದ ಏನೇನೋ ಸದ್ದು ಬರುತ್ತಿತ್ತು. ಫೈಲಿನಲ್ಲಿ 'ಭಾಷೆ: ನೇಪಾಳಿ' ಎಂದಿದ್ದುದರಿಂದ ಫೋನಿನಲ್ಲಿ ನೇಪಾಳಿ ದುಭಾಷಿಯನ್ನು ಕರೆಸಿದರು. ಆತ ಎಷ್ಟು ಕೇಳಿದರೂ ಇವರು ಉತ್ತರ ಕೊಡಲಿಲ್ಲ. ವಾರ್ಡಿನ ಬಾಗಿಲಲ್ಲಿ ಕೂರುವ ನೇಪಾಳದ ತರಾಯಿ ಬಯಲಿನ ಕಾವಲುಗಾರನನ್ನು ಕೇಳಿದರೆ, ಇದು ನೇಪಾಳಿಯಲ್ಲ, ಸುಮ್ಮನೆ ಬಡಬಡಿಕೆ ಎಂದ. ಅರ್ಥವಿಲ್ಲದ ಶಬ್ದಗಳು ಎಂದು ಫೈಲಿನಲ್ಲಿ ಬರೆದಾಯಿತು.

ಒಂದು ಬೆಳಿಗ್ಗೆ ಉಮಾವತಿ ಮುಖ ಒರೆಸುತ್ತಿದ್ದಾಗ ಆತ 'ಜಾ' ಎಂದರು. ಉಮಾವತಿಯ ಕೈ ನಿಂತಿತು. ಆಗಿನ್ನೂ ಮೂಗಿನ ಕೊಳವೆಯಲ್ಲೇ ಊಟ, ಬಾಯಿಗೆ ಅನ್ನ ಬಿದ್ದು ಎರಡು ತಿಂಗಳಾಗಿತ್ತು.

"ನಾನು 'ಜಾ ನಯೆ ಧುನ ಲಾ, ದಾಯಿ?' ಅಂತ ಕೇಳಿದೆ. ದಾಯಿ ಅಂದ್ರೆ ಅಣ್ಣ. ಬಾಯಿಗೆ ಬಂತು, ಕೇಳಿಬಿಟ್ಟೆ. ಅವ್ರು ನನ್ನ ನೋಡಿದ್ದು ಹೇಗೆ ಅಂತ ಹೇಳ್ಲಿ... ಅಷ್ಟು ದಿನ ಕಣ್ಣು ತೆರೆದೇ ಇತ್ತು, ನೋಡ್ತಾ ಇರ್ಲಿಲ್ಲ. ಅವತ್ತು ನೋಡಿದ್ರು. ಆಮೇಲೆ ಮಾತಾಡಿದ್ರು ನೋಡಿ, ಒಂದೇ ಸಮ. ನಂಗೆ ಕಾಲುಭಾಗವೂ ಗೊತ್ತಾಗ್ಲಿಲ್ಲ."

ಗೊತ್ತಾಗದ್ದಕ್ಕೆ ಕಾರಣವಿತ್ತು. ಇಂದ್ರನಾರಾಯಣ ಕಣಿವೆಯವರಲ್ಲ, ಪೂರ್ವಕ್ಕೆ ಬೆಟ್ಟಗಳಾಚೆಯ ದೋಲಖಾದವರು. ಪಾಟನ್, ಭಕ್ತಪುರ, ಕಠ್ಮಂಡುಗಳ ನೇವಾರಿ ಒಂದಕ್ಕೊಂದು ಹತ್ತಿರ, ಗೇಲಿ ಮಾಡಿಕೊಂಡೇ ಅರ್ಥಮಾಡಿಕೊಳ್ಳುತ್ತಾರೆ. ದೋಲಖಾದ್ದು ಬಹುಕಾಲ ಬೇರೆಯಾಗಿ ಬೆಳೆದ ಮಾತು, ಕಣಿವೆಯ ನೇವಾರರಿಗೇ ಅದು ತಿಳಿಯುವುದಿಲ್ಲ. ಇನ್ನು ಬೆಳ್ಮಣ್ಣಿನ ಉಮಾವತಿಯ ಪಾಡೇನು? ಆದರೂ ಅನ್ನ ಎರಡೂ ಕಡೆ ಜಾ, ನಾನು ಎನ್ನುವುದಕ್ಕೆ ಎರಡೂ ಕಡೆ ಜಿ. ಅಷ್ಟರ ಮೇಲೆ ಕಟ್ಟತೊಡಗಿದರು. ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸುವಾಗ ನಾಲ್ಕು ಮಾತು.

ಮಾತಿನ ಚಿಕಿತ್ಸೆ ಕೊಡುವ ಜ್ಯೋತ್ಸ್ನಾ ಉಡುಪಿಯವರು. ಉಮಾವತಿ ಹೇಳಿದ್ದನ್ನು ನಂಬಿದವರಲ್ಲಿ ಅವರೇ ಮೊದಲಿಗರು. "ಮೆದುಳಿಗೆ ಪೆಟ್ಟಾದಾಗ ಕೆಲವರಿಗೆ ಕಲಿತ ಭಾಷೆಗಳೆಲ್ಲ ಹೋಗಿ ಒಂದೇ ಉಳಿಯುತ್ತೆ. ಇವರಿಗೆ ಮನೆಮಾತು ಉಳಿದಿದೆ," ಎನ್ನುತ್ತಾರೆ ಜ್ಯೋತ್ಸ್ನಾ. "ಆದರೆ ಅದನ್ನು ಡಾಕ್ಟರರ ಮುಂದೆ ತೋರಿಸೋದು ಹೇಗೆ? ಅದೇ ಕಷ್ಟ ಆಗಿತ್ತು."

ತೋರಿಸಲೇಬೇಕಾದ ದಿನ ಹತ್ತಿರ ಬಂದಿತ್ತು. ಅಕ್ಟೋಬರಿನ ಕೊನೆಯ ಭಾನುವಾರ ಮೂವರು ವೈದ್ಯರ ಸಮಿತಿ ಕೂರುವುದಿತ್ತು. ರೋಗಿಗೆ ತಿಳಿವಳಿಕೆ ಇದೆ ಎಂದು ಕಂಡರೆ ನಡೆಯಲು, ಕೈ ಆಡಿಸಲು ಕಲಿಸುವ ವಿಭಾಗದಲ್ಲಿ ಜಾಗ, ಆಮೇಲೆ ಊರು. ಇಲ್ಲವೆಂದು ಕಂಡರೆ ಮಲಗಿದವರನ್ನು ಮಲಗಿಸಿಯೇ ಇಡುವ ಇನ್ನೊಂದು ಕಟ್ಟಡ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಉಮಾವತಿ ಕಂಡಿಲ್ಲ. ಅಭ್ಯಾಸಕ್ಕೆಂದು ಜ್ಯೋತ್ಸ್ನಾ ಚಿತ್ರದ ಕಾರ್ಡು ತೋರಿಸಿದರೆ, ಕಣ್ಣು ಮುಚ್ಚಿ, ನಾಲಗೆ ಚಾಚಿ ಎಂದರೆ, ಇಂದ್ರನಾರಾಯಣ ಮುಖ ತಿರುಗಿಸುತ್ತಿದ್ದರು. ಮಕ್ಕಳಿಗೆ ಮಾಡಿಸುವ ಹಾಗೆ ಮಾಡಿಸಿದರೆ ಯಾರಿಗೆ ಬೇಜಾರಾಗುವುದಿಲ್ಲ!

ಅದರ ಹಿಂದಿನ ಬುಧವಾರ ಬಲಿಪಾಡ್ಯಮಿ. ತುಳುನಾಡಿನಲ್ಲಿ ಬಲೀಂದ್ರನನ್ನು ಕೂಗಿ ಕರೆಯುವ ದಿನ. ಅದೇ ದಿನ ನೇವಾರರಿಗೆ ಹೊಸ ವರ್ಷ, ಮ್ಹ ಪೂಜೆ. ಮನುಷ್ಯ ತನ್ನ ದೇಹಕ್ಕೆ ತಾನೇ ಮಾಡಿಕೊಳ್ಳುವ ಪೂಜೆ ಅದು. ನೆಲದ ಮೇಲೆ ಸಾಲಾಗಿ ಮಂಡಲ ಬರೆದು, ಒಂದೊಂದರ ಮುಂದೆ ಮನೆಯ ಒಬ್ಬೊಬ್ಬರು ಕೂರುತ್ತಾರೆ. ಅಜಿಯ ಮನೆಯಲ್ಲಿ ಆರು ವರ್ಷ ಅದನ್ನು ಕಂಡಿದ್ದ ಉಮಾವತಿಗೆ, ಒಂಬತ್ತನೇ ಹಾಸಿಗೆಯವರಿಗೂ ಮಾಡಿಸಬೇಕೆನಿಸಿತು. ವಾರ್ಡಿನ ಹೊಣೆ ಹೊತ್ತ ನರ್ಸ್ ಬಜ್ಪೆಯ ಟೆರೆನ್ಸ್, ಬೆಂಕಿ ಬೇಡ, ನೆಲದ ಮೇಲೆ ಹಿಟ್ಟು ಬೇಡ, ಬಾಯಿಗೆ ಗಟ್ಟಿ ಪದಾರ್ಥ ಏನೂ ಕೊಡಬೇಡಿ ಎಂದು ಒಪ್ಪಿಗೆ ಕೊಟ್ಟರು. ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಉಮಾವತಿ ಮಾರ್ಕರಿನಲ್ಲಿ ಒಂದು ಮಂಡಲ ಬರೆದರು. ನಾಲ್ಕು ಕಾಳು ಅಕ್ಕಿ, ಒಂದು ಚೆಂಡುಹೂವು, ಹಚ್ಚದ ಬತ್ತಿ. ಹಬ್ಬದ ಶುಭಕ್ಕೆಂದು ಕೊಡುವ ಬೇಯಿಸಿದ ಮೊಟ್ಟೆಯನ್ನು ಎಡಗೈಗೆ ಮುಟ್ಟಿಸಿದರು.

ಇಂದ್ರನಾರಾಯಣ ಆ ಮಂಡಲವನ್ನು ನೋಡಿದರು. ಎಡಗೈಯಿಂದ ಮೇಜನ್ನು ಗುದ್ದತೊಡಗಿದರು. ಅಕ್ಕಿ ಚೆಲ್ಲಿತು, ಮೊಟ್ಟೆ ಉರುಳಿತು. "ಸಾಕು ಬಿಡಿ ಉಮಕ್ಕ, ಬಿಪಿ ಏರ್ತದೆ," ಎಂದು ಟೆರೆನ್ಸ್ ಓಡಿ ಬಂದರು. ಹೀಗೆ ಉದ್ರೇಕಗೊಂಡದ್ದನ್ನು ಬರೆದುಕೊಂಡರೆ ಭಾನುವಾರದ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಆಗ ನಂಗೆ ಹೊಳೆಯಿತು, ನಾನು ಎಂತ ಪೆದ್ದುತನ ಮಾಡಿದ್ದು ಅಂತ," ಉಮಾವತಿ ಹೇಳುತ್ತಾರೆ. "ಅಜಿ ಮನೆಯಲ್ಲಿ ಸಿಡ್ನಿಯಲ್ಲಿದ್ದ ಮೊಮ್ಮಗಳಿಗೂ ಒಂದು ಬರೀತಿದ್ರು. ಮನೆಯಲ್ಲಿ ಇಲ್ಲದವ್ರಿಗೂ ಮಂಡಲ ಉಂಟು. ನಾನು ಇವ್ರಿಗೆ ಒಂದೇ ಬರೆದೆ! ನಿಂಗೆ ಯಾರೂ ಇಲ್ಲ ಅಂತ ಹೇಳಿದ ಹಾಗೆ ಆಗ್ಲಿಲ್ವಾ?"

ಅವರು ಪಕ್ಕದಲ್ಲಿ ಎರಡನೆಯದನ್ನು ಬರೆದರು. ಗುದ್ದು ನಿಂತಿತು. ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಆತ ಬೆರಳಿನಿಂದ ಮುಂದಿನ ಜಾಗ ತೋರಿಸಿದರು. ಐದಾದ ಮೇಲೆ ಬೆರಳು ನಿಂತಿತು. ಸಾಲಿನ ಮೊದಲನೆಯದರ ಮೇಲೆ ಕೈಯಿಟ್ಟು "ಮಾಂ" ಎಂದರು. ಎರಡನೆಯದರ ಮೇಲಿಟ್ಟು "ಜಿ." ಉಳಿದ ಮೂರರ ಮೇಲೆ ಹೆಸರುಗಳಂಥ ಬೇರೆ ಬೇರೆ ಸದ್ದು. ತಾಯಿ, ತಾನು, ಹೆಂಡತಿ, ಇಬ್ಬರು ಮಕ್ಕಳು. ಜ್ಯೋತ್ಸ್ನಾ ಅಷ್ಟರಲ್ಲಿ ಬಂದು ನಿಂತು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದರು. ಭಾನುವಾರ ಇದನ್ನೇ ಸಮಿತಿಯ ಮುಂದೆ ಮಾಡಿಸಿದರೆ ಸಾಕು ಎಂದು ಮೂವರಿಗೂ ಅನ್ನಿಸಿತು.

ಮಕ್ಕಳ ಹೆಸರು ಖಚಿತ ಮಾಡಿಕೊಳ್ಳಲು ಜ್ಯೋತ್ಸ್ನಾ ಗುರುವಾರ ದೋಲಖಾಕ್ಕೆ ಫೋನ್ ಹಚ್ಚಿದರು. ಫೈಲಿನಲ್ಲಿದ್ದ ನಂಬರು ಸತ್ತಿತ್ತು, ಕಂಪನಿಯ ಆಫೀಸನ್ನು ಕಾಡಿ ಬೇಡಿ ಬೇರೆ ನಂಬರು ಪಡೆಯಬೇಕಾಯಿತು. ಹೆಂಡತಿ ಹಿಂದಿಯಲ್ಲಿ ಮಾತಾಡಿದರು. ಮಕ್ಕಳ ಹೆಸರು ಸರಿಯಾಗಿತ್ತು. ಆದರೆ ಅತ್ತೆ ಶ್ರಾವಣದಲ್ಲೇ ತೀರಿಕೊಂಡಿದ್ದರು. ಕಂಪನಿಯ ಆಫೀಸಿಗೆ ಆಗಲೇ ತಿಳಿಸಿದ್ದೆವು, ನಿಮ್ಮ ಗಂಡನಿಗೆ ಈಗ ಯಾರ ಗುರುತೂ ಇಲ್ಲ, ಹೇಳಿ ಫಲವಿಲ್ಲ ಅಂತ ಅಲ್ಲಿಯವರು ಅಂದರು ಎಂದು ಆಕೆ ಅತ್ತರು.

ಉಮಾವತಿಗೆ ಭೂಮಿ ಬಾಯಿಬಿಟ್ಟಂತಾಯಿತು. ಹೆತ್ತವರು ಸತ್ತ ವರ್ಷ ಹಬ್ಬವಿಲ್ಲ, ಅವರಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಸೂತಕದ ಮನೆಯ ಮಗನಿಗೆ ಇವರು ಹಬ್ಬ ಮಾಡಿಸಿದ್ದರು. ಸತ್ತ ತಾಯಿಯ ಹೆಸರಿನ ಮಂಡಲಕ್ಕೆ ಹೂವಿಟ್ಟಿದ್ದರು.

ಈಗ ಏನು ಮಾಡುವುದು? ಭಾನುವಾರಕ್ಕೆ ಮೂರೇ ದಿನ. ಹೇಳಿದರೆ ಆತ ಕುಸಿದು, ಸಮಿತಿಯ ಮುಂದೆ ಮಾತೇ ಆಡದೆ ಹೋಗಬಹುದು. ಆಗ ಊರಿನ ದಾರಿ ಮುಚ್ಚಿದಂತೆಯೇ. "ಮೂರು ದಿನ ತಡೆಯಿರಿ ಉಮಕ್ಕ, ಸಮಿತಿ ಮುಗೀಲಿ, ನಾನೇ ನಿಮ್ಮ ಜೊತೆ ಕೂತು ಹೇಳಿಸ್ತೇನೆ," ಎಂದರು ಜ್ಯೋತ್ಸ್ನಾ. ಅದು ತಪ್ಪು ಮಾತೇನೂ ಅಲ್ಲ. ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ಉಮಾವತಿ ಒಪ್ಪಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ, ಗಲ್ಫಿನಲ್ಲಿ ಒಬ್ಬಳೇ ಇದ್ದಾಳೆ, ಎದೆ ಒಡೆದುಕೊಂಡಾಳು ಎಂದು ಮನೆಯವರು ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ಸುದ್ದಿ ಮುಚ್ಚಿಟ್ಟಿದ್ದರು. ಪ್ರೀತಿಯಿಂದಲೇ ಮುಚ್ಚಿಟ್ಟದ್ದು. "ಎರಡು ಶುಕ್ರವಾರ ಫೋನ್ ಮಾಡಿ, ಅಮ್ಮನಿಗೆ ಮದ್ದು ಕೊಟ್ರಾ, ಗಂಜಿ ಕುಡಿದ್ಲಾ ಅಂತ ಕೇಳಿದೆ. ಮಲಗಿದ್ದಾಳೆ ಅಂತ ಹೇಳಿದ್ರು. ನಾನು ಇಲ್ಲಿ ನಗಾಡ್ಕೊಂಡು ಅಜಿಗೆ ಬಡಿಸ್ತಾ ಇದ್ದೆ. ಆ ನಗು ನೆನೆಸಿದ್ರೆ ಈಗ್ಲೂ ನಾಚಿಕೆ ಆಗ್ತದೆ. ಡಾಕ್ಟರ ಎದುರು ಇವರ ಕೈಯಲ್ಲಿ ಸತ್ತ ತಾಯಿಗೆ ಮಂಡಲ ತೋರಿಸಿ ಪಾಸು ಮಾಡಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಅಂದೆ."

ಶುಕ್ರವಾರ ರಜೆ. ಆದರೂ ಬೆಳಿಗ್ಗೆ ಬಸ್ಸು ಹತ್ತಿ ಬಂದರು. ಅಜಿ ಕಲಿಸಿದ ಮಾತಿನಲ್ಲಿ ಸಾವಿಗೆ ಬೇರೆ ಪದ ಇರಲಿಲ್ಲ, ಇದ್ದದ್ದು ಇನ್ನಿಲ್ಲ ಎನ್ನುವ ಅಡುಗೆಮನೆಯ ಆ ಒಂದು ಮಾತು. ಹಾಸಿಗೆಯ ಅಂಚಿನಲ್ಲಿ ಕೂತು, ಆತನ ಎಡಗೈ ಹಿಡಿದು, "ಮಾಂ ಮದುತ, ದಾಯಿ" ಎಂದರು. ದೋಲಖಾದವರಿಗೆ ಆ ಮಾತು ಹೊಂದುತ್ತದೋ ಇಲ್ಲವೋ ಎಂಬ ಅಳುಕು ಇತ್ತು. ಮತ್ತೊಮ್ಮೆ ಹೇಳಿದರು. ಇಂದ್ರನಾರಾಯಣ ಬಹಳ ಹೊತ್ತು ಅವರ ಬಾಯನ್ನೇ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು ಮುಖವನ್ನು ಗೋಡೆಯ ಕಡೆ ಮಾಡಿದರು. ಶುಕ್ರವಾರ, ಶನಿವಾರ ಒಂದು ಸದ್ದೂ ಇಲ್ಲ. ಕೊಳವೆ ತೆಗೆದ ಮೇಲೆ ಬಟ್ಟಲಲ್ಲಿ ಕೊಡುತ್ತಿದ್ದ ಮೆತ್ತನೆಯ ಗಂಜಿಯನ್ನೂ ಮುಟ್ಟಲಿಲ್ಲ.

ಭಾನುವಾರ ಹತ್ತು ಗಂಟೆಗೆ ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದೊಯ್ದರು. ಕುರ್ಚಿ ತಳ್ಳಲು ಉಮಾವತಿ, ಜೊತೆಗೆ ಟೆರೆನ್ಸ್ ಮತ್ತು ಜ್ಯೋತ್ಸ್ನಾ. ವೈದ್ಯರು ಕೇಳಿದ್ದನ್ನು ಉಮಾವತಿ ತಮ್ಮ ನೇವಾರಿಯಲ್ಲಿ ಹೇಳಿದರು. ಕಣ್ಣು ಮುಚ್ಚಿ, ಕೈ ಎತ್ತಿ. ಆತ ನೆಲ ನೋಡುತ್ತ ಕೂತರು. ಮತ್ತೆ ಕೇಳಿದರು, ಮತ್ತೆ ಅದೇ. ಹಿರಿಯ ವೈದ್ಯರು ಫೈಲು ಹತ್ತಿರಕ್ಕೆ ಎಳೆದುಕೊಂಡಾಗ, ತಾನು ಈ ಮನುಷ್ಯನ ಕುತ್ತಿಗೆ ಕೊಯ್ದೆನೇ ಎಂದು ಉಮಾವತಿಗೆ ಅನ್ನಿಸಿತು. ಜ್ಯೋತ್ಸ್ನಾ ಒಂದು ಬಿಳಿ ಕಾಗದ, ಒಂದು ಪೆನ್ನು ಆತನ ಮುಂದಿಟ್ಟರು.

ಎಡಗೈ ನಿಧಾನವಾಗಿ ಪೆನ್ನು ಹಿಡಿಯಿತು. ಸಾಲಿನ ಮೊದಲ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ ಸೊಟ್ಟಗೆ ಒಂದು ಸುತ್ತು ಬರೆಯಿತು. ಇನ್ನೊಂದು. ಇನ್ನೊಂದು. ನಾಲ್ಕಾದ ಮೇಲೆ ಪೆನ್ನು ಕೆಳಗಿಟ್ಟರು. ಬಿಟ್ಟ ಜಾಗದ ಮೇಲೆ ಅಂಗೈ ಊರಿ ಹಾಗೇ ಕೂತರು.

ವೈದ್ಯರಿಗೆ ಕಂಡದ್ದು ನಾಲ್ಕು ಸೊಟ್ಟ ಸುತ್ತುಗಳು. ಜ್ಯೋತ್ಸ್ನಾ ಬುಧವಾರದ ವಿಡಿಯೊ ತೋರಿಸಿದರು, ಅದರಲ್ಲಿ ಐದಿದ್ದವು. ಉಮಾವತಿ ಹಿಂದಿಯಲ್ಲಿ ತೊದಲಿದ್ದನ್ನು ಟೆರೆನ್ಸ್ ಇಂಗ್ಲಿಷಿನಲ್ಲಿ ಹೇಳಿದರು: "ಆವತ್ತು ಮೊದಲನೆಯದು ತಾಯಿಯದ್ದು. ಶುಕ್ರವಾರ ಇವರಿಗೆ ತಾಯಿ ತೀರಿದ ಸುದ್ದಿ ಹೇಳಿದ್ದೇವೆ. ಇವರು ಕೇಳಿಸಿಕೊಂಡಿದ್ದಾರೆ." ಹಿರಿಯ ವೈದ್ಯರು ಎದ್ದು, ಮೇಜು ಸುತ್ತಿಕೊಂಡು ಬಂದು, ಇಂದ್ರನಾರಾಯಣರ ಹೆಗಲ ಮೇಲೆ ಕೈಯಿಟ್ಟು, ಸಾವಿನ ಮನೆಯಲ್ಲಿ ಹೇಳುವ ಮಾತನ್ನು ಅರಬಿಯಲ್ಲಿ ಹೇಳಿದರು. ತಿಳಿವಳಿಕೆ ಇಲ್ಲದವನ ಹತ್ತಿರ ಯಾರೂ ಹಾಗೆ ದುಃಖ ಹಂಚಿಕೊಳ್ಳುವುದಿಲ್ಲ. ಬೇರೆ ಪರೀಕ್ಷೆ ಆ ದಿನ ನಡೆಯಲಿಲ್ಲ.

ಇಂದ್ರನಾರಾಯಣರಿಗೆ ಜಾಗ ಸಿಕ್ಕಿತು. ನಾಲ್ಕು ತಿಂಗಳ ಬಳಿಕ ನಡೆಗೋಲು ಹಿಡಿದು ಊರಿನ ವಿಮಾನ ಹತ್ತಿದರು. ಆ ವಿಭಾಗ ಬೇರೆ ಕಟ್ಟಡದಲ್ಲಿದೆ, ಉಮಾವತಿಗೆ ಅಲ್ಲಿ ಪಾಳಿಯಿಲ್ಲ, ಹಾಗಾಗಿ ಹೊರಟ ದಿನ ನೋಡಲಾಗಲಿಲ್ಲ. ಈಚೆಗೆ ಅವರ ಹೆಂಡತಿ ಆಗಾಗ ಧ್ವನಿ ಸಂದೇಶ ಕಳಿಸುತ್ತಾರೆ, ದೋಲಖಾದ ಮಾತಿನಲ್ಲಿ. ಮಧ್ಯಾಹ್ನ ಒಂದೂವರೆಗೆ ಪಾಳಿ ಮುಗಿಸಿ, ಬಸ್ಸಿಗೆ ಕಾಯುತ್ತ, ಉಮಾವತಿ ಒಂದೊಂದನ್ನೂ ನಾಲ್ಕೈದು ಸಲ ಕೇಳಿ ಕಲಿಯುತ್ತಿದ್ದಾರೆ. ಆ ಕಡೆಯವರು ಇನ್ನೊಬ್ಬರು ಬಂದರೆ ಅವರಿಗೆ ಕಾಲುಭಾಗದ ಮಾತು ಸಾಲದು ಎಂಬ ಯೋಚನೆ ಅಷ್ಟೇ. ಹಾಗೆ ಯಾರೂ ಬಾರದೇ ಇರಲಿ ಎಂದೂ ಸೇರಿಸುತ್ತಾರೆ.

ಸಮಿತಿಯಲ್ಲಿ ಗೆದ್ದ ಬಗ್ಗೆ ಕೇಳಿದರೆ ಬಸ್ಸಿನ ಕಡೆ ನೋಡುತ್ತ ತಲೆಯಾಡಿಸುತ್ತಾರೆ.

"ಪಾಸಾದದ್ದು ಅವ್ರು, ನಾನಲ್ಲ. ಅವ್ರ ಅಮ್ಮ ಹೋದದ್ದನ್ನು ಅವ್ರಿಗೆ ಯಾರೂ ಹೇಳಿರ್ಲಿಲ್ಲ. ಅವ್ರ ಮಾತಲ್ಲೇ ಹೇಳಿದವಳು ನಾನು."